ಮುಳುಗಿದ ಕೋಟೆಯ ಕಾರಣ ಹುಡುಕುತ್ತಾ: ಡ್ವಾರ್ಫ್ ಫೋರ್ಟ್ರೆಸ್ ಹುಚ್ಚು ಹಿಡಿಸುವುದು ಹೇಗೆ

ಮೈಸೂರಿನ ನಮ್ಮ ಗೆಳೆಯರ ಬಳಗದಲ್ಲಿ ಕೆಲವರು ಡ್ವಾರ್ಫ್ ಫೋರ್ಟ್ರೆಸ್ ಅನ್ನುವ ಕಂಪ್ಯೂಟರ್ ಆಟ ಆಡುತ್ತೇವೆ. ಕುಳ್ಳರ ಗುಂಪೊಂದರಿಂದ ಬೆಟ್ಟ ಕೊರೆಸಿ ಕೋಟೆ ಕಟ್ಟಿಸುವ ಆಟ ಇದು. ಆಡದವರು ನಮ್ಮ ಲ್ಯಾಪ್‌ಟಾಪ್ ಪರದೆ ನೋಡಿ ಕೇಳುವುದು ಒಂದೇ ಮಾತು: "ಇದರಲ್ಲಿ ಏನಿದೆ ಅಂತ ಹೀಗೆ ಮುಳುಗಿದ್ದೀರಾ?" ಕೇಳುವುದರಲ್ಲಿ ತಪ್ಪಿಲ್ಲ. ಈ ಆಟದಲ್ಲಿ ಗೆಲುವು ಅನ್ನುವುದೇ ಇಲ್ಲ. ಅಂಕ ಇಲ್ಲ, ಕೊನೆಯ ಹಂತ ಇಲ್ಲ, ಬಹುಮಾನ ಇಲ್ಲ. ಕಟ್ಟಿದ ಕೋಟೆ ಇವತ್ತಲ್ಲ ನಾಳೆ ಹಾಳಾಗುತ್ತದೆ. "ಸೋಲುವುದೇ ಮಜಾ" ಅನ್ನುವುದು ಇದನ್ನು ಆಡುವವರ ನಡುವೆ ಬಹಳ ಹಿಂದಿನಿಂದ ಓಡಾಡುವ ಮಾತು. ಆದರೂ ಒಮ್ಮೆ ಕೂತವರು ಏಳುವುದಿಲ್ಲ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಗುವ ಪ್ರತಿ ಅನಾಹುತಕ್ಕೂ ಒಂದು ಕಾರಣ ಇರುತ್ತದೆ. ಹುಡುಕಿದರೆ ಅದು ಸಿಗುತ್ತದೆ. ಸಿಕ್ಕ ಕೂಡಲೇ "ಓಹೋ, ಹಾಗಾದ್ರೆ ಈ ಸಲ ಹೀಗೆ ಮಾಡೋಣ" ಅನ್ನಿಸುತ್ತದೆ. ಹುಚ್ಚು ಹಿಡಿಯುವುದು ಅಲ್ಲೇ. ಇದನ್ನು ಬಿಡಿಸಿ ಹೇಳಬೇಕಾದರೆ ಆಟದ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಅಮೆರಿಕದ ಅಣ್ಣ ತಮ್ಮ, ಝ್ಯಾಕ್ ಆಡಮ್ಸ್ ಮತ್ತು ಟಾರ್ನ್ ಆಡಮ್ಸ್, 2002ರಲ್ಲಿ ಇದರ ಕೆಲಸ ಶುರು ಮಾಡಿದರು. ಕತೆ ಮತ್ತು ಕಲ್ಪನೆ ಇಬ್ಬರದೂ. ಕೋಡ್ ಬರೆದದ್ದು ಬಹಳ ವರ್ಷ ಟಾರ್ನ್ ಒಬ್ಬರೇ. ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ಆಮೇಲೆ ಸಿಕ್ಕ ಸಂಶೋಧನೆಯ ಕೆಲಸ ಬಿಟ್ಟು ಆಟಕ್ಕೇ ಕೂತರು. 2006ರ ಆಗಸ್ಟ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಪೂರ್ತಿ ಉಚಿತ. ಆಡುವವರು ಪ್ರೀತಿಯಿಂದ ಕಳಿಸಿದ ದೇಣಿಗೆಯಲ್ಲೇ ಇಬ್ಬರೂ ಬದುಕು ನಡೆಸಿದರು. ಆಗ ಪರದೆಯಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರ ಮತ್ತು ಚಿಹ್ನೆ. ನಗುಮುಖದ ಚಿಹ್ನೆ ಕುಳ್ಳ, ಇಂಗ್ಲಿಷಿನ ಸಣ್ಣ 'ಸಿ' ಬೆಕ್ಕು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ವಿಡಿಯೊ ಗೇಮ್‌ಗಳನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳಲು ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ಇದು ಇತ್ತು. ಮುಂದೆ ಝ್ಯಾಕ್ ಅವರಿಗೆ ಕ್ಯಾನ್ಸರ್ ಚಿಕಿತ್ಸೆ ಆಯಿತು. ಆಸ್ಪತ್ರೆ ಖರ್ಚಿನ ಚಿಂತೆ ಬಂದಾಗ ಆಟವನ್ನು ಮಾರುವ ತೀರ್ಮಾನ ಮಾಡಿದರು. ಚಿತ್ರ, ಸಂಗೀತ, ಮೌಸ್ ಸೌಕರ್ಯ ಎಲ್ಲ ಇರುವ ಆವೃತ್ತಿ 2022ರ ಡಿಸೆಂಬರ್ 6ರಂದು ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಬಂತು. ಅಕ್ಷರಗಳ ಆವೃತ್ತಿ ಇವತ್ತಿಗೂ ಪುಕ್ಕಟೆ ಸಿಗುತ್ತದೆ. 20 ವರ್ಷ ಒಂದೇ ಕೆಲಸದ ಬೆನ್ನು ಹತ್ತಿದ ಈ ಇಬ್ಬರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆಟ ಶುರುವಾಗುವುದು ಒಂದು ಜಗತ್ತನ್ನು ಹುಟ್ಟುಹಾಕುವುದರಿಂದ. ಬೆಟ್ಟದ ಎತ್ತರ, ಮಳೆ, ಬಿಸಿಲು, ನೀರು ಇಂಗುವ ಗುಣ ಇವನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಕಾಡು ಎಲ್ಲಿ, ಜೌಗು ಎಲ್ಲಿ, ಬೆಂಗಾಡು ಎಲ್ಲಿ ಅನ್ನುವುದು ಈ ಲೆಕ್ಕದಿಂದ ತಾನಾಗಿ ಬರುತ್ತದೆ. ಬೆಟ್ಟದ ಸಾಲು ಮೋಡ ತಡೆದರೆ ಅದರ ಆಚೆ ಮಳೆ ಕಡಿಮೆ ಆಗುವುದೂ ಲೆಕ್ಕದಲ್ಲಿದೆ. ಘಟ್ಟದ ಮೇಲೆ ಸುರಿಯುವ ಮಳೆಗೂ ನಾಗಮಂಗಲದ ಕಡೆ ಬೀಳುವ ಮಳೆಗೂ ಇರುವ ವ್ಯತ್ಯಾಸ ನೋಡಿದವರಿಗೆ ಇದು ಹೊಸದೇನಲ್ಲ. ಭೂಮಿ ಸಿದ್ಧವಾದ ಮೇಲೆ ಇತಿಹಾಸ ಓಡುತ್ತದೆ. ರಾಜ್ಯಗಳು ಹುಟ್ಟುತ್ತವೆ, ಯುದ್ಧ ಆಗುತ್ತದೆ, ಜನ ಮದುವೆ ಆಗುತ್ತಾರೆ, ಸಾಯುತ್ತಾರೆ. ಬೇಕಾದರೆ ಸಾವಿರ ವರ್ಷಕ್ಕೂ ಜಾಸ್ತಿ ಓಡಿಸಬಹುದು. ಇಷ್ಟೆಲ್ಲ ಆದ ಮೇಲೆ ನಿಮ್ಮ ಕೈಗೆ ಸಿಗುವುದು ಏಳು ಜನ ಕುಳ್ಳರು ಮತ್ತು ಒಂದು ಗಾಡಿ ಸಾಮಾನು. ಕಾಲ ವಸಂತ. ಎದುರಿಗೆ ಬೆಟ್ಟ. ಇನ್ನು ಕೊರೆಯಿರಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕುಳ್ಳರನ್ನು ನೀವು ನೇರವಾಗಿ ನಡೆಸುವುದಿಲ್ಲ. "ಇಲ್ಲಿ ಅಗೆಯಬೇಕು", "ಇಲ್ಲಿ ಗೋಡೆ ಬೇಕು", "ಹತ್ತು ಮಂಚ ಮಾಡಿ" ಅಂತ ಗುರುತು ಹಾಕಿ ಬಿಡುತ್ತೀರಿ. ಯಾರು ಯಾವಾಗ ಮಾಡುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ಅವರಿಗೆ ಹಸಿವು, ದಾಹ, ನಿದ್ದೆ ಇದೆ. ಹರಟೆ ಬೇಕು. ಕೆಲವರಿಗೆ ದೇವರಿಗೆ ಕೈ ಮುಗಿಯದಿದ್ದರೆ ಮನಸ್ಸು ನಿಲ್ಲುವುದಿಲ್ಲ. ಹೆಂಡ ಇಲ್ಲದಿದ್ದರೆ ಕೆಲಸ ನಿಧಾನ ಆಗುತ್ತದೆ. ನೀವು ಯಜಮಾನರು ನಿಜ, ಆದರೆ ಮಾತು ಕೇಳಿಸುವುದು ಅಷ್ಟು ಸುಲಭ ಅಲ್ಲ.

ಈಗ ಒಂದು ಕೋಟೆ ತಗೊಳ್ಳಿ. ಬಂಡೆಯೊಳಗೆ ಮನೆ ಕೊರೆದಾಗಿದೆ. ಪಕ್ಕದಲ್ಲಿ ನದಿ ಹರಿಯುತ್ತಿದೆ. ನೆಲದಡಿಯಲ್ಲಿ ಅಣಬೆ ಬೆಳೆಯಬೇಕು. ಮಣ್ಣಿನ ಪದರ ಸಿಕ್ಕಿದ್ದರೆ ನೇರವಾಗಿ ಬಿತ್ತಬಹುದಿತ್ತು. ಇಲ್ಲಿರುವುದು ಬರೀ ಕಲ್ಲು. ಕಲ್ಲಿನ ಮೇಲೆ ಒಮ್ಮೆ ನೀರು ಹಾಯಿಸಿದರೆ ಕೆಸರು ಕೂರುತ್ತದೆ, ಆಮೇಲೆ ಬೆಳೆ ಬರುತ್ತದೆ. ಅಂದರೆ ನದಿಯಿಂದ ಒಂದು ನಾಲೆ ಬೇಕು. ನಾಲೆ ಅಂದ ಮೇಲೆ ತೂಬು ಬೇಕು. ಮಂಡ್ಯದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದುಕೊಂಡು ಹೋಗುತ್ತದೆ. ನೀರನ್ನು ಬಂಡೆಯೊಳಗಿಂದ ಹೊಲಕ್ಕೆ ತರುವುದು ನಮ್ಮ ಕಡೆಯ ಹಳೇ ಕಸುಬು.

ಆಟದ ನೀರಿಗೆ ಅದರದೇ ನಿಯಮ ಇದೆ. ನೆಲವೆಲ್ಲ ಚೌಕಗಳು. ಪ್ರತಿ ಚೌಕದಲ್ಲಿ ನೀರಿನ ಮಟ್ಟ 0ಯಿಂದ 7ರವರೆಗೆ. ನೀರು ಪಕ್ಕದ ಖಾಲಿ ಚೌಕಕ್ಕೆ ಹರಿಯುತ್ತದೆ, ಕೆಳಗೆ ಜಾಗ ಇದ್ದರೆ ಬೀಳುತ್ತದೆ. ಮಟ್ಟ 4 ಮುಟ್ಟಿದ ಜಾಗಕ್ಕೆ ಕುಳ್ಳರು ತಾವಾಗಿ ಕಾಲಿಡುವುದಿಲ್ಲ. 7 ಆದರೆ ಈಜು ಬಾರದವನು ಮುಳುಗುತ್ತಾನೆ. ಇನ್ನು ನದಿ, ಎಷ್ಟು ಬಿಟ್ಟುಕೊಂಡರೂ ಬತ್ತುವುದಿಲ್ಲ. ತೂಬನ್ನು ಒಂದು ಲಿವರ್‌ಗೆ, ಅಂದರೆ ಎಳೆಯುವ ಹಿಡಿಕೆಗೆ, ಜೋಡಿಸಬೇಕು. ಆ ಲಿವರ್ ಎಳೆಯುವುದೂ ಒಂದು ಕೆಲಸವೇ. ನೀವು ಹೇಳಿದ ಕ್ಷಣ ಆಗುವುದಿಲ್ಲ. ಬಿಡುವಾಗಿರುವ ಯಾರೋ ನಡೆದು ಬಂದು ಎಳೆಯಬೇಕು.

ತೂಬು ತೆರೆಯಿತು. ನೀರು ಬಂತು. ಗದ್ದೆ ಕೋಣೆ ಒದ್ದೆ ಆಯಿತು. ಸಾಕು, ಮುಚ್ಚಿ ಅಂದಿರಿ. ಯಾರೂ ಬರುತ್ತಿಲ್ಲ. ಕೊನೆಗೆ ಒಬ್ಬ ಹೊರಟ, ಆದರೆ ಅವನ ನಡಿಗೆ ನಿಧಾನ. ಅಷ್ಟರಲ್ಲಿ ನೀರು ಓಣಿಗೆ ಬಂದಿದೆ. ಲಿವರ್ ಇರುವುದು ಓಣಿಯ ಆ ತುದಿಯಲ್ಲಿ. ಮಟ್ಟ 4 ಮುಟ್ಟಿತು. ಅವನು ವಾಪಸ್ ಹೋದ, ಕೆಲಸ ರದ್ದಾಯಿತು. ಇನ್ನು ಉಳಿದಿರುವುದು ಊಟದ ಮನೆಯ ಬಾಗಿಲು. ಮುಚ್ಚಿದ ಬಾಗಿಲು ನೀರು ತಡೆಯುತ್ತದೆ. ಆದರೆ ಹೊಸ್ತಿಲ ಮೇಲೆ ಯಾರೋ ಕಳಚಿ ಬಿಟ್ಟ ಕಾಲುಚೀಲ ಬಿದ್ದಿದೆ. ವಸ್ತು ಅಡ್ಡ ಇದ್ದರೆ ಬಾಗಿಲು ಮುಚ್ಚಲ್ಲ. ಊಟದ ಮನೆ ಮುಳುಗಿತು.

ಬೇರೆ ಆಟ ಆಗಿದ್ದರೆ "ಸೋತಿರಿ" ಅಂತ ಬಂದು ಮುಗಿಯುತ್ತಿತ್ತು. ಇಲ್ಲಿ ಆಟ ನಿಲ್ಲಿಸಿ ಒಬ್ಬೊಬ್ಬರನ್ನೇ ತೆರೆದು ನೋಡಬಹುದು. ಲಿವರ್ ಕಡೆ ಹೊರಟವನು ಯಾಕೆ ಅಷ್ಟು ನಿಧಾನ? ಬಹಳ ದಿನದಿಂದ ಹೆಂಡ ಸಿಕ್ಕಿಲ್ಲ. ಹೆಂಡ ಯಾಕೆ ಇಲ್ಲ, ಭಟ್ಟಿ ಇಳಿಸಲು ಗಾಡಿಯಲ್ಲಿ ತಂದ ಅಣಬೆ ಇತ್ತಲ್ಲ? ಭಟ್ಟಿ ಇಳಿಸುವವನ ಕೆಲಸ ಪದೇ ಪದೇ ರದ್ದಾಗಿದೆ. ಯಾಕೆ? ಖಾಲಿ ಪೀಪಾಯಿ ಇಲ್ಲ. ಪೀಪಾಯಿ ಎಲ್ಲಿ ಹೋದವು? ಉಗ್ರಾಣದಲ್ಲಿವೆ, ಅಷ್ಟೂ ಮೀನು ತುಂಬಿಕೊಂಡಿವೆ. ಮೀನು ಹಿಡಿಯುವವನಿಗೆ ಸಾಕು ಅಂತ ಯಾರೂ ಹೇಳಿರಲಿಲ್ಲ. ಕೋಟೆ ಮುಳುಗಿದ್ದು ಮೀನಿನಿಂದ!

ಈ ಒಂದು ಕ್ಷಣ ಇದೆಯಲ್ಲ, ಅದಕ್ಕೋಸ್ಕರವೇ ನಾವು ಆಡುವುದು. ಮೀನು ಹಿಡಿದರೆ ಪ್ರವಾಹ ಬರಲಿ ಅಂತ ಯಾರೂ ಕೋಡ್ ಬರೆದಿಲ್ಲ. ಪೀಪಾಯಿಗೆ ಒಂದು ನಿಯಮ, ಹೆಂಡಕ್ಕೆ ಒಂದು, ನೀರಿಗೆ ಒಂದು, ಬಾಗಿಲಿಗೆ ಒಂದು. ಒಂದೊಂದೂ ಚಿಕ್ಕದು, ಮಗುವಿಗೂ ಅರ್ಥ ಆಗುವಂಥದ್ದು. ಅವು ಒಂದಕ್ಕೊಂದು ತಗುಲಿದಾಗ ಬರೆದವರೂ ಊಹಿಸದ ಕತೆ ಹುಟ್ಟುತ್ತದೆ. ಆಟ ಜಟಿಲ ಅನ್ನುತ್ತಾರಲ್ಲ, ಆ ಜಟಿಲತೆ ಇರುವುದು ನಿಯಮಗಳ ನಡುವಿನ ನಂಟಿನಲ್ಲಿ.

ಬರೆದವರೂ ಊಹಿಸದ್ದು ಅನ್ನುವುದಕ್ಕೆ ಬೆಕ್ಕುಗಳ ಪ್ರಕರಣವೇ ಸಾಕ್ಷಿ. 2015ರ ಕೊನೆಯಲ್ಲಿ ಆಟಕ್ಕೆ ಹೆಂಡದಂಗಡಿಗಳು ಬಂದವು. ಸ್ವಲ್ಪ ದಿನದಲ್ಲೇ ಆಡುವವರಿಂದ ದೂರು: ಕೋಟೆಯಲ್ಲಿ ಬೆಕ್ಕುಗಳು ಸಾಯುತ್ತಿವೆ, ಸುತ್ತ ವಾಂತಿ ಬಿದ್ದಿದೆ. ಟಾರ್ನ್ ಹುಡುಕುತ್ತಾ ಹೋದರು. ಅಂಗಡಿಯಲ್ಲಿ ಕುಡಿಯುವವರು ಹೆಂಡ ಚೆಲ್ಲುತ್ತಾರೆ. ಬೆಕ್ಕು ಅದನ್ನು ತುಳಿಯುತ್ತದೆ. ಬೆಕ್ಕುಗಳು ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತವೆ ಅನ್ನುವ ನಿಯಮ ಮೊದಲೇ ಇತ್ತು. ಪಾದ ನೆಕ್ಕಿದಾಗ ಹೆಂಡ ಹೊಟ್ಟೆಗೆ ಹೋಗುತ್ತದೆ. ಅಮಲು ಎಷ್ಟು ಏರಬೇಕು ಅನ್ನುವುದು ಮೈಯ ಗಾತ್ರದ ಮೇಲೆ ನಿಂತಿದೆ, ಬೆಕ್ಕು ಚಿಕ್ಕ ಪ್ರಾಣಿ. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಒಂದೇ ಒಂದು ಕಡೆ ತಪ್ಪು: ಪಾದಕ್ಕೆ ಅಂಟಿದ ಹನಿಯನ್ನು ಒಂದು ಪೂರ್ತಿ ಲೋಟ ಅಂತ ಲೆಕ್ಕ ಹಿಡಿದಿತ್ತು. ಆ ಸಂಖ್ಯೆ ಸರಿಮಾಡಿದರು. ಆಡುವವರು ಕೋಟೆಯಲ್ಲಿ ಮಾಡುವ ಕೆಲಸವನ್ನೇ ಬರೆದವರು ಕೋಡಿನಲ್ಲಿ ಮಾಡಿದರು ನೋಡಿ.

ಕುಳ್ಳರ ಮನಸ್ಸೂ ಹೀಗೇ ನಡೆಯುತ್ತದೆ. ಒಳ್ಳೆಯ ಊಟ, ಚೆಂದದ ಕೋಣೆ, ಹೆಣ ಕಂಡದ್ದು, ಮಳೆಯಲ್ಲಿ ನೆನೆದದ್ದು ಎಲ್ಲ ಅವರ ಮೇಲೆ ಪರಿಣಾಮ ಮಾಡುತ್ತವೆ. ಗಟ್ಟಿಯಾದ ನೆನಪು ಒಳಗೆ ಉಳಿದು ಮತ್ತೆ ಮತ್ತೆ ಕಾಡುತ್ತದೆ. ಸತ್ತವರನ್ನು ಸರಿಯಾಗಿ ಮಣ್ಣು ಮಾಡದಿದ್ದರೆ ದೆವ್ವವಾಗಿ ಬರುತ್ತಾರೆ. ದುಃಖ ಮಿತಿ ಮೀರಿದವನು ಕೂಗಾಡುತ್ತಾನೆ, ಸಾಮಾನು ಒಡೆಯುತ್ತಾನೆ, ಯಾರಿಗೋ ಹೊಡೆಯುತ್ತಾನೆ. ಏಟು ತಿಂದವನು ಸತ್ತರೆ ಅವನ ಹೆಂಡತಿ, ಗೆಳೆಯರು ದುಃಖಕ್ಕೆ ಬೀಳುತ್ತಾರೆ. ಒಬ್ಬನ ಸಿಟ್ಟು ಇಡೀ ಕೋಟೆಗೆ ಹಬ್ಬುತ್ತದೆ. ಹಳೆಯ ಆವೃತ್ತಿಗಳಲ್ಲಿ ಶತ್ರುಗಳಿಗಿಂತ ಹೀಗೆ ಹಾಳಾದ ಕೋಟೆಗಳ ಕತೆಯೇ ಹೆಚ್ಚು ಕೇಳಿಸುತ್ತಿತ್ತು.

ಇದರ ಇನ್ನೊಂದು ಮುಖ ನನಗೆ ತುಂಬಾ ಇಷ್ಟ. ಆಗೊಮ್ಮೆ ಈಗೊಮ್ಮೆ ಒಬ್ಬ ಕುಳ್ಳನಿಗೆ ಏನೋ ಆವೇಶ ಬರುತ್ತದೆ. ಇದ್ದ ಕೆಲಸ ಬಿಟ್ಟು ಒಂದು ಕುಶಲಕರ್ಮಿಗಳ ಕೋಣೆ ಹಿಡಿದು ಕೂರುತ್ತಾನೆ. "ಮೂಳೆ ಬೇಕು", "ಹೊಳೆಯುವ ಕಲ್ಲು ಬೇಕು" ಅನ್ನುತ್ತಾನೆ. ಬೇಡಿದ್ದು ಒದಗಿಸಿದರೆ ಜಗತ್ತಿನಲ್ಲಿ ಇನ್ನೊಂದಿಲ್ಲದ ಒಂದು ವಸ್ತು ಮಾಡುತ್ತಾನೆ. ಅದಕ್ಕೊಂದು ಹೆಸರಿಡುತ್ತಾನೆ. ಒದಗಿಸಲು ಆಗದಿದ್ದರೆ ಬುದ್ಧಿ ಕೆಟ್ಟು ಹೋಗುತ್ತದೆ. ಯಾರೂ ಗಮನಿಸದ ಒಬ್ಬ ಮೀನುಗಾರ ರಾತ್ರೋರಾತ್ರಿ ಕೋಟೆಯ ಹೆಮ್ಮೆ ಆಗಿಬಿಡಬಹುದು. ಆಮೇಲೆ ಅವನ ಬಗ್ಗೆ ನಿಮಗೆ ಕಾಳಜಿ ಬರುತ್ತದೆ. ಯುದ್ಧಕ್ಕೆ ಕಳಿಸಲು ಮನಸ್ಸು ಬರಲ್ಲ.

ಹೊತ್ತು ಹೋಗುವುದು ಗೊತ್ತಾಗದೇ ಇರುವುದಕ್ಕೆ ಇನ್ನೊಂದು ಸರಳ ಕಾರಣ ಇದೆ. ಆಟದ ವರ್ಷಕ್ಕೆ 12 ತಿಂಗಳು, ತಿಂಗಳಿಗೆ 28 ದಿನ, ಒಂದು ದಿನಕ್ಕೆ 1,200 ಹೆಜ್ಜೆ. ಮಾಮೂಲಿ ವೇಗದ ಮಿತಿ ಸೆಕೆಂಡಿಗೆ 100 ಹೆಜ್ಜೆ. ಲೆಕ್ಕ ಹಾಕಿದರೆ ಆಟದ ಒಂದು ವರ್ಷ ನಮ್ಮ 67 ನಿಮಿಷ, ಒಂದು ಋತು ಸುಮಾರು 17 ನಿಮಿಷ. ವಸಂತದಲ್ಲಿ ಎಲ್ಫ್ ಅನ್ನುವ ಕಾಡುಜನರ ವ್ಯಾಪಾರ, ಬೇಸಿಗೆಯಲ್ಲಿ ಮನುಷ್ಯರದ್ದು, ಶರತ್ಕಾಲದಲ್ಲಿ ಕುಳ್ಳರ ತವರಿನಿಂದ ಗಾಡಿಗಳು. ನಡುವೆ ವಲಸೆ ಬರುವವರು. "ಗಾಡಿ ಬರುವವರೆಗೆ ನೋಡಿ ಮಲಗೋಣ" ಅನ್ನುತ್ತೀರಿ. ಗಾಡಿ ಬಂದಾಗ ಅರ್ಧ ಕಟ್ಟಿದ ಗೋಡೆ ಒಂದು ಇರುತ್ತದೆ. ಗೋಡೆ ಮುಗಿಯುವಷ್ಟರಲ್ಲಿ ವಲಸೆಯವರು ಬಂದು ಕೋಣೆ ಇಲ್ಲ ಅನ್ನುತ್ತಾರೆ. ಎಲ್ಲ ಕೆಲಸವೂ ಒಟ್ಟಿಗೆ ಮುಗಿದ ಕ್ಷಣ ಅನ್ನುವುದು ಬರುವುದೇ ಇಲ್ಲ. ಇದು ಗೊತ್ತಿದ್ದರೆ ಹುಷಾರಾಗಿರಬಹುದು. ಋತು ಬದಲಾದಾಗ ಏಳುತ್ತೇನೆ ಅಂತ ಮೊದಲೇ ನಿರ್ಧರಿಸಿಕೊಳ್ಳುವುದು ನನಗೆ ಕೆಲಸ ಮಾಡಿದೆ.

ಋತು ಅಂದ ಕೂಡಲೇ ಶ್ರೀರಂಗಪಟ್ಟಣ ಹೇಳದೇ ಇರಲಾರೆ. ಈ ಆಟ ಹಿಡಿದ ಮೇಲೆ ಆ ಕೋಟೆಯನ್ನು ನಾನು ನೋಡುವ ರೀತಿಯೇ ಬದಲಾಯಿತು. ಆಟದಲ್ಲಿ ಕಂದಕಕ್ಕೆ ಆಳವಾಗಿ ನೀರು ತುಂಬಿಸಿದರೆ ಗಾಬ್ಲಿನ್ ಅನ್ನುವ ಶತ್ರು ಕುಲದ ಸೈನ್ಯ ಕಾಲ್ನಡಿಗೆಯಲ್ಲಿ ದಾಟಲಾರದು. ಎತ್ತುವ ಸೇತುವೆ ಮೇಲೆತ್ತಿಬಿಟ್ಟರೆ ನೆಮ್ಮದಿ. ಆದರೆ ಚಳಿ ಪ್ರದೇಶದಲ್ಲಿ ಕೋಟೆ ಕಟ್ಟಿದ್ದರೆ ಚಳಿಗಾಲದಲ್ಲಿ ಕಂದಕದ ನೀರು ಹೆಪ್ಪುಗಟ್ಟುತ್ತದೆ. ನಿಮ್ಮ ರಕ್ಷಣೆಯೇ ಶತ್ರುವಿಗೆ ದಾರಿ ಆಗುತ್ತದೆ. ಶ್ರೀರಂಗಪಟ್ಟಣಕ್ಕೆ ಸುತ್ತ ಕಾವೇರಿಯೇ ಕಂದಕ. ಮಳೆಗಾಲದಲ್ಲಿ ಅದನ್ನು ದಾಟುವುದು ಸುಲಭದ ಮಾತಲ್ಲ. 1791ರಲ್ಲಿ ಇಲ್ಲಿಯವರೆಗೆ ಬಂದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಮಳೆ ಮತ್ತು ಆಹಾರದ ಕೊರತೆಯಿಂದ ಹಿಂದೆ ಸರಿಯಬೇಕಾಯಿತು. 1799ರಲ್ಲಿ ಬ್ರಿಟಿಷರು ಮುಂಗಾರಿಗೆ ಮೊದಲೇ ಮುಗಿಸಬೇಕು ಅಂತ ಅವಸರ ಮಾಡಿದರು. ಫಿರಂಗಿಯಿಂದ ವಾಯವ್ಯ ಮೂಲೆಯ ಹತ್ತಿರ ಗೋಡೆ ಒಡೆದರು. ಮೇ 4ರ ಮಧ್ಯಾಹ್ನ, ನೀರು ಇಳಿದಿದ್ದ ಬಂಡೆಗಳ ನದಿಯನ್ನು ಸೈನಿಕರು ನಡೆದೇ ದಾಟಿದರು. ಟಿಪ್ಪು ಅವತ್ತೇ ಕೋಟೆಯೊಳಗೆ ಹೋರಾಡುತ್ತಾ ಮಡಿದರು. ಗೋಡೆ ಎಷ್ಟು ದಪ್ಪ ಅನ್ನುವಷ್ಟೇ, ಯಾವ ತಿಂಗಳಲ್ಲಿ ಮುತ್ತಿಗೆ ಬಂತು ಅನ್ನುವುದೂ ಮುಖ್ಯ. ಆ ಮುರಿದ ಗೋಡೆಯ ಜಾಗಕ್ಕೆ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ನದಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಾದಾಟದ ಲೆಕ್ಕವೂ ಆಟದಲ್ಲಿ ವಿವರವಾಗಿದೆ. ಒಂದು ಏಟು ಬಿದ್ದರೆ ಯಾವ ಅಂಗ, ಚರ್ಮವೋ, ಮಾಂಸವೋ, ಮೂಳೆಯೋ, ಆಯುಧ ತಾಮ್ರದ್ದೋ ಉಕ್ಕಿನದ್ದೋ ಎಲ್ಲ ನೋಡುತ್ತದೆ. ಹೊಸಬರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಲ್ಯಾಪ್‌ಟಾಪ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ, ಇನ್‌ಸ್ಟಾಲ್ ಆದ ಮೇಲೆ ಇಂಟರ್ನೆಟ್ಟೂ ಬೇಡ. ಭಾರ ಬೀಳುವುದು ಪ್ರೊಸೆಸರ್ ಮೇಲೆ. ಪ್ರತಿ ಕುಳ್ಳನೂ ಹೊರಟ ಕಡೆಯಿಂದ ತಲುಪುವ ಕಡೆಗೆ ಹತ್ತಿರದ ದಾರಿ ಹುಡುಕಬೇಕು. ಇದಕ್ಕೆ ಎ-ಸ್ಟಾರ್ ಅನ್ನುವ ಹೆಸರಾದ ವಿಧಾನ ಬಳಸಿದ್ದಾರೆ. ದಾರಿಯೇ ಇಲ್ಲದ ಕಡೆ ವ್ಯರ್ಥವಾಗಿ ಹುಡುಕದ ಹಾಗೆ, ಒಂದಕ್ಕೊಂದು ಸೇರಿಕೊಂಡ ಜಾಗಗಳಿಗೆ ಒಂದೇ ಸಂಖ್ಯೆ ಕೊಟ್ಟಿಟ್ಟುಕೊಳ್ಳುತ್ತದೆ. ಸಂಖ್ಯೆ ಬೇರೆ ಆದರೆ ಹೋಗಲು ಆಗಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಹಾಗಿದ್ದರೂ ಜನ ನೂರೈವತ್ತು ಇನ್ನೂರಕ್ಕೆ ಏರಿದಾಗ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಎಷ್ಟೋ ಕೋಟೆಗಳು ಗಾಬ್ಲಿನ್ ಕೈಗೆ ಸಿಗದೆ, ಆಟ ತೆವಳತೊಡಗಿದ್ದಕ್ಕೆ ಮುಗಿದಿವೆ.

ಚಟದ ಮಾತನ್ನೂ ನೇರವಾಗಿ ಆಡಬೇಕು. ಫೋನಿನ ಬಹಳಷ್ಟು ಆಟಗಳು ದಿನಾ ಬಂದರೆ ನಾಣ್ಯ, ಬರದಿದ್ದರೆ ನಷ್ಟ ಅಂತ ಎಳೆಯುತ್ತವೆ. ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಅಂಥ ಬಲೆ ಇಲ್ಲ. ಒಳಗೆ ದುಡ್ಡು ಕೇಳುವ ಅಂಗಡಿ ಇಲ್ಲ. ವಾರ ಬಿಟ್ಟು ತೆರೆದರೂ ಕೋಟೆ ಹಾಗೇ ಇರುತ್ತದೆ. ಇದು ಪ್ರಾಮಾಣಿಕ ಆಟ ಅನ್ನುವುದು ನನ್ನ ನಂಬಿಕೆ. ಆದರೆ ಪ್ರಾಮಾಣಿಕ ಆಟವೂ ನಿದ್ದೆ ತಿನ್ನಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಸಮಸ್ಯೆಯನ್ನು ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಗಂಟೆಗಳನ್ನು ಎಣಿಸುವುದಿಲ್ಲ. ಹಿಡಿತ ತಪ್ಪಿದೆಯೇ, ಉಳಿದ ಎಲ್ಲಕ್ಕಿಂತ ಆಟವೇ ಮುಂದೆ ಬಂದಿದೆಯೇ, ಹಾನಿ ಆಗುತ್ತಿದ್ದರೂ ಮುಂದುವರಿದಿದೆಯೇ ಅಂತ ಕೇಳುತ್ತದೆ. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಪರೀಕ್ಷೆ, ಕೆಲಸ, ಮನೆಯವರ ಜೊತೆಗಿನ ಮಾತು ಇವು ಒಂದೊಂದಾಗಿ ಬಿದ್ದುಹೋಗುತ್ತಿದ್ದರೆ ನಾಚಿಕೆ ಬೇಡ, ಸಹಾಯ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇಂಥ ತಂತ್ರಜ್ಞಾನದ ಗೀಳಿಗೆಂದೇ ಶಟ್ ಕ್ಲಿನಿಕ್ ಶುರುವಾಗಿದೆ.

ಇಷ್ಟು ಓದಿ ಆಡಬೇಕು ಅನ್ನಿಸಿದವರು ಮೊದಲು ಉಚಿತ ಆವೃತ್ತಿ ಹಾಕಿಕೊಳ್ಳಿ. ಅಕ್ಷರಗಳನ್ನು ನೋಡಿ ಕಣ್ಣು ನೋವು ಅನ್ನಿಸಿದರೆ ಸ್ಟೀಮ್ ಆವೃತ್ತಿ ಕೊಳ್ಳಬಹುದು. ಫೋನಿನಲ್ಲಿ ಸಿಗಲ್ಲ. ಜಗತ್ತು ಚಿಕ್ಕದಿರಲಿ, ಇತಿಹಾಸ 100 ವರ್ಷ ಸಾಕು. ಜಾಗ ಆರಿಸುವಾಗ ಬೆಚ್ಚಗಿನ ಪ್ರದೇಶ, ಮರ, ಸ್ವಲ್ಪ ಮಣ್ಣು, ಹತ್ತಿರದಲ್ಲಿ ನೀರು ನೋಡಿಕೊಳ್ಳಿ. ನೆಲದಡಿಯಲ್ಲಿ ನೀರಿನ ಪದರ ಇರುವ ಜಾಗ ಈಗ ಬೇಡ, ಅಗೆದ ಕಡೆಯೆಲ್ಲ ಒಸರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಜನಸಂಖ್ಯೆಯ ಮಿತಿ 60ಕ್ಕೆ ಇಳಿಸಿ. ಮೊದಲ ಋತುವಿನಲ್ಲಿ ಮೂರು ಕೆಲಸ: ಬೆಟ್ಟದೊಳಗೆ ಒಂದು ಕೋಣೆ, ಮಣ್ಣಿನ ಪದರದಲ್ಲಿ ಅಣಬೆ, ಒಂದು ಭಟ್ಟಿ. ಮರ ಕಡಿದಾಗ ಮೊದಲು ಪೀಪಾಯಿ ಮಾಡಿಸಿ, ಮಂಚ ಆಮೇಲೆ. ನಾಲೆಯ ಆಸೆ ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಆಗಲೂ ಲಿವರ್ ಅನ್ನು ಊಟದ ಮನೆಯ ಪಕ್ಕದಲ್ಲೇ ಕೂರಿಸಿ, ಅಲ್ಲಿ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರೆ.